ಜಂಟಿ ಆಸ್ತಿಯಲ್ಲಿ ಒಬ್ಬರು ಪಾಲು ಬಿಟ್ಟರೆ ಅಥವಾ ಮಾರಿದರೆ ಏನಾಗುತ್ತದೆ? ಹೆಜ್ಜೆ ಹೆಜ್ಜೆಯಾಗಿ ಒಂದು ಸಮಗ್ರ ಮಾರ್ಗದರ್ಶಿ

ತುಮಕೂರಿನಲ್ಲಿ ಒಂದು ಮನೆ ಇದೆ ಅಂದುಕೊಳ್ಳಿ. ಮೂವತ್ತು-ನಲವತ್ತರ ಸೈಟು. ಕೆಳಗೊಂದು ಮನೆ, ಮೇಲೊಂದು ಮನೆ. ಅಪ್ಪ ಸಂಬಳದ ದುಡ್ಡಲ್ಲಿ ಕಟ್ಟಿಸಿದ್ದು. ಉಯಿಲು ಬರೆಯದೆ ತೀರಿಕೊಂಡರು. ಈಗ ಉಳಿದವರು ಅಮ್ಮ, ಅಕ್ಕ, ಅಣ್ಣ, ತಮ್ಮ. ಇವತ್ತಿನ ಬೆಲೆ ಸುಮಾರು 80 ಲಕ್ಷ. ತಮ್ಮನಿಗೆ ದುಡ್ಡಿನ ಅಡಚಣೆ. "ನನ್ನ ಪಾಲು ಮಾರ್ತೀನಿ" ಅನ್ನುತ್ತಾನೆ. "ನಾವು ಸಹಿ ಹಾಕದೆ ಅದ್ಹೇಗೆ ಮಾರ್ತೀಯ?" ಅಂತ ಅಣ್ಣ ಕೇಳುತ್ತಾನೆ.

ಇಬ್ಬರ ಮಾತಲ್ಲೂ ಅರ್ಧ ಸರಿ ಇದೆ. ತಮ್ಮ ತನ್ನ ಪಾಲನ್ನು ಮಾರಬಹುದು, ಅದಕ್ಕೆ ಅಣ್ಣನ ಸಹಿ ಕಡ್ಡಾಯವಲ್ಲ. ಆದರೆ ಅವನು ಮಾರುವುದು ಪಾಲನ್ನೇ ಹೊರತು ಜಾಗವನ್ನಲ್ಲ. ಮೇಲಿನ ಮನೆ ನನ್ನದು, ರಸ್ತೆ ಕಡೆಯ ಹತ್ತು ಅಡಿ ನನ್ನದು ಅಂತ ಅವನು ಬೆರಳು ತೋರಿಸುವ ಹಾಗಿಲ್ಲ. ವಿಭಾಗ ಆಗುವವರೆಗೆ ಪ್ರತಿ ಇಟ್ಟಿಗೆಯಲ್ಲೂ ನಾಲ್ವರ ಹಕ್ಕಿದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮನೆಗಳು ಕೋರ್ಟು ಮೆಟ್ಟಿಲು ಹತ್ತಿವೆ. ಅದಕ್ಕೇ ಈ ಒಂದೇ ಮನೆಯನ್ನು ಹಿಡಿದು ಕೊನೆಯವರೆಗೂ ಲೆಕ್ಕ ಹಾಕೋಣ.

ಹೆಜ್ಜೆ 1: ಆಸ್ತಿ ಯಾವ ಬಗೆಯದು ಅಂತ ನೋಡಿ

ಜಂಟಿ ಆಸ್ತಿ ಅಂದರೆ ಎಲ್ಲವೂ ಒಂದೇ ಅಲ್ಲ. ಆಸ್ತಿ ಕೈಗೆ ಬಂದ ದಾರಿ ನೋಡಿ ನಿಯಮ ಬದಲಾಗುತ್ತದೆ.

ನಮ್ಮ ತುಮಕೂರಿನ ಮನೆ ಅಪ್ಪನ ಸ್ವಯಾರ್ಜಿತ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ ಹೆಂಡತಿ ಮತ್ತು ಮಕ್ಕಳಿಗೆ ಸಮಪಾಲು. ಅಪ್ಪನ ತಾಯಿ, ಅಂದರೆ ಅಜ್ಜಿ ಬದುಕಿದ್ದರೆ ಅವರಿಗೂ ಒಂದು ಪಾಲು. ಇದನ್ನು ತುಂಬಾ ಜನ ಮರೆಯುತ್ತಾರೆ. ಇಲ್ಲಿ ಅಜ್ಜಿ ಇಲ್ಲ, ಹಾಗಾಗಿ ಒಬ್ಬೊಬ್ಬರಿಗೆ ನಾಲ್ಕನೇ ಒಂದು ಪಾಲು.

ಎರಡನೆಯದು ಪಿತ್ರಾರ್ಜಿತ, ಅಂದರೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿ. ಇಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು. ಕರ್ನಾಟಕದಲ್ಲಿ 1994ರ ತಿದ್ದುಪಡಿಯೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಆ ದಿನ ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಕಾನೂನುಬದ್ಧವಾಗಿ ಮುಗಿದ ವಿಭಾಗ ಅಥವಾ ಮಾರಾಟವನ್ನು ಇದು ಕೆದಕುವುದಿಲ್ಲ.

ಮೂರನೆಯದು ಸೇರಿ ಕೊಂಡ ಆಸ್ತಿ. ಗಂಡ-ಹೆಂಡತಿ, ಅಣ್ಣ-ತಮ್ಮ, ಸ್ನೇಹಿತರು ದುಡ್ಡು ಹಾಕಿ ಕೊಂಡ ಸೈಟು, ಫ್ಲ್ಯಾಟು. ಕ್ರಯಪತ್ರದಲ್ಲಿ ಪಾಲು ಬರೆದಿದ್ದರೆ ಅದೇ ಲೆಕ್ಕ. ಬರೆಯದಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆ, 1882ರ ಕಲಂ 45 ಹೇಳುವಂತೆ, ಯಾರು ಎಷ್ಟು ದುಡ್ಡು ಹಾಕಿದರೋ ಆ ಪ್ರಮಾಣದಲ್ಲಿ ಪಾಲು. ಅದಕ್ಕೂ ಪುರಾವೆ ಇಲ್ಲದಿದ್ದರೆ ಸಮಪಾಲು ಅಂತ ಭಾವಿಸಲಾಗುತ್ತದೆ. ಹಾಗಾಗಿ ಜಂಟಿಯಾಗಿ ಕೊಳ್ಳುವಾಗ ಪಾಲಿನ ಅಂಕಿಯನ್ನು ಪತ್ರದಲ್ಲೇ ಬರೆಸಿಬಿಡಿ.

ಒಂದು ತಪ್ಪು ತಿಳಿವಳಿಕೆ ಬಗ್ಗೆ ಹೇಳಲೇಬೇಕು. ಬ್ಯಾಂಕಿನ ಜಂಟಿ ಖಾತೆ ನೋಡಿ ಅಭ್ಯಾಸವಾದವರು, "ಇಬ್ಬರ ಹೆಸರಲ್ಲಿದೆ, ಒಬ್ಬರು ಹೋದರೆ ಇನ್ನೊಬ್ಬರಿಗೆ ತಾನಾಗೇ ಬರುತ್ತೆ" ಅಂದುಕೊಳ್ಳುತ್ತಾರೆ. ಮನೆ, ಜಾಗದ ವಿಷಯದಲ್ಲಿ ಸಾಮಾನ್ಯವಾಗಿ ಹಾಗಲ್ಲ. ಪತ್ರದಲ್ಲಿ ಸ್ಪಷ್ಟವಾಗಿ ಬರೆಯದ ಹೊರತು, ಸತ್ತವರ ಪಾಲು ಅವರ ವಾರಸುದಾರರಿಗೆ ಹೋಗುತ್ತದೆ. ಗಂಡ ಹೋದರೆ ಅವನ ಅರ್ಧದಲ್ಲಿ ಹೆಂಡತಿ, ಮಕ್ಕಳು ಮತ್ತು ಅತ್ತೆ ಮೂವರ ಕಡೆಗೂ ಪಾಲು ಹಂಚಿಹೋಗುತ್ತದೆ.

ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿ ವಾರಸಿಕೆಯ ಲೆಕ್ಕ ಬೇರೆ. ಪಾಲು ಕೈಗೆ ಬಂದ ಮೇಲೆ ಅದನ್ನು ಮಾರಿದರೆ ಏನಾಗುತ್ತದೆ ಅನ್ನುವ ನಿಯಮ ಮಾತ್ರ ಬಹುಮಟ್ಟಿಗೆ ಎಲ್ಲರಿಗೂ ಒಂದೇ.

ಹೆಜ್ಜೆ 2: ಕಾಗದ ಪತ್ರ ಒಂದೆಡೆ ಸೇರಿಸಿ

ಮೂಲ ಕ್ರಯಪತ್ರ, ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಖಾತಾ, ಕಂದಾಯ ಕಟ್ಟಿದ ರಸೀದಿ ಬೇಕು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ ತೆಗೆಸಿ. ಜಮೀನಾದರೆ ಪಹಣಿ ಮತ್ತು ಮ್ಯುಟೇಶನ್ (ದಾಖಲೆಯಲ್ಲಿ ಹೆಸರು ಬದಲಾದದ್ದರ) ಪ್ರತಿಯೂ ಇರಲಿ.

ಇಸಿ ನೋಡುವಾಗ ಅಪ್ಪನ ಕಾಲದ ಸಾಲದ ಅಡಮಾನ ತೀರಿದೆಯಾ ಅಂತ ಗಮನಿಸಿ. ಸಾಲ ಬಾಕಿ ಇದ್ದರೆ ಮೊದಲು ಬ್ಯಾಂಕಿನ ಒಪ್ಪಿಗೆ ಬೇಕು. ಇಬ್ಬರೂ ಸೇರಿ ಸಾಲ ತೆಗೆದಿದ್ದರೆ ಇನ್ನೊಂದು ಎಚ್ಚರ: ಪಾಲು ಬಿಟ್ಟುಕೊಟ್ಟರೂ ಸಾಲದ ಹೊಣೆ ಬಿಡುವುದಿಲ್ಲ. ಬ್ಯಾಂಕು ನಿಮ್ಮ ಹೆಸರನ್ನು ಸಾಲದಿಂದ ಬರವಣಿಗೆಯಲ್ಲಿ ತೆಗೆಯುವವರೆಗೆ ಕಂತು ತಪ್ಪಿದರೆ ನಿಮ್ಮನ್ನೂ ಕೇಳುತ್ತಾರೆ.

ಹೆಜ್ಜೆ 3: ಉಳಿದವರಿಗೆ ಮೊದಲು ಹೇಳಿ, ಬರವಣಿಗೆಯಲ್ಲಿ ಹೇಳಿ

ಇದು ಬರೀ ಮರ್ಯಾದೆಯ ಮಾತಲ್ಲ, ಕಾನೂನಿನ ಮಾತು. ಉಯಿಲಿಲ್ಲದೆ ತೀರಿಕೊಂಡವರ ಸ್ಥಿರಾಸ್ತಿ ಮೊದಲ ದರ್ಜೆಯ ವಾರಸುದಾರರಿಗೆ (ಹೆಂಡತಿ, ಮಕ್ಕಳು, ತಾಯಿಯಂಥವರಿಗೆ) ಬಂದು, ಅವರಲ್ಲೊಬ್ಬರು ಪಾಲು ವರ್ಗಾಯಿಸಲು ಹೊರಟರೆ, ಅದನ್ನು ಕೊಳ್ಳಲು ಉಳಿದವರಿಗೆ ಮೊದಲ ಹಕ್ಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಕಲಂ 22 ಇದನ್ನು ಹೇಳುತ್ತದೆ. ಬೆಲೆ ಕುದುರದಿದ್ದರೆ ಅರ್ಜಿ ಹಾಕಿದ ಮೇಲೆ ನ್ಯಾಯಾಲಯವೇ ನಿಗದಿ ಮಾಡುತ್ತದೆ. ಇಬ್ಬರು ಕೊಳ್ಳಲು ಮುಂದೆ ಬಂದರೆ ಜಾಸ್ತಿ ಬೆಲೆ ಕೊಡುವವರಿಗೆ ಆದ್ಯತೆ. ಕೃಷಿ ಜಮೀನಿಗೂ ಇದು ಅನ್ವಯ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ತಮ್ಮ ಮಾಡಬೇಕಾದದ್ದು ಇಷ್ಟು. ಅಮ್ಮ, ಅಕ್ಕ, ಅಣ್ಣ ಮೂವರಿಗೂ ಬೇರೆ ಬೇರೆ ಪತ್ರ ಬರೆಯಲಿ. "ನನ್ನ ನಾಲ್ಕನೇ ಒಂದು ಪಾಲನ್ನು 20 ಲಕ್ಷಕ್ಕೆ ಕೊಡಲು ಸಿದ್ಧನಿದ್ದೇನೆ. ಬೇಕಿದ್ದರೆ ಇಂಥ ದಿನಾಂಕದೊಳಗೆ ತಿಳಿಸಿ" ಅಂತ. ತಲುಪಿದ್ದಕ್ಕೆ ಪುರಾವೆ ಸಿಗುವ ಹಾಗೆ ಅಂಚೆಯಲ್ಲಿ ಕಳಿಸಲಿ. ಒಂದೇ ಸೂರಿನಡಿ ಇರುವ ಅಮ್ಮನಿಗೆ ಅಂಚೆಯಲ್ಲಿ ಪತ್ರ ಕಳಿಸುವುದು ಮನಸ್ಸಿಗೆ ಕಷ್ಟ, ನಿಜ. ಮೊದಲು ಎದುರು ಕೂತು ಮಾತಾಡಿ, ಯಾಕೆ ಕಳಿಸುತ್ತಿದ್ದೀರಿ ಅಂತ ವಿವರಿಸಿ, ಆಮೇಲೆ ಕಳಿಸಿ. ಆ ಪತ್ರ ಮುಂದೆ ತಮ್ಮನನ್ನೂ ಕೊಳ್ಳುವವರನ್ನೂ ಕಾಪಾಡುತ್ತದೆ.

ಹೆಜ್ಜೆ 4: ಸರಿಯಾದ ಪತ್ರ ಆರಿಸಿ, ಲೆಕ್ಕ ಬದಲಾಗುವುದೇ ಇಲ್ಲಿ

ಪತ್ರ ಬರಹಗಾರರ ಹತ್ತಿರ ಹೋಗಿ "ಏನೋ ಒಂದು ಬರೆದುಕೊಡಿ" ಅನ್ನಬೇಡಿ. ಯಾವ ಪತ್ರ ಅನ್ನುವುದರ ಮೇಲೆ ಉಳಿದವರ ಪಾಲು ಎಷ್ಟಾಗುತ್ತದೆ ಅನ್ನುವುದು ನಿಂತಿದೆ.

ಹಕ್ಕು ಬಿಡುಗಡೆ ಪತ್ರ: ಈಗಾಗಲೇ ಪಾಲುದಾರರಾದವರ ಪರವಾಗಿ ಮಾತ್ರ ಬರೆಯುವಂಥದ್ದು. ಕೆಲವು ಕಡೆ ಹಕ್ಕು ಖುಲಾಸೆ ಪತ್ರ ಅಂತಲೂ ಅನ್ನುತ್ತಾರೆ. ದುಡ್ಡು ತೆಗೆದುಕೊಂಡೂ ಬಿಡಬಹುದು, ಸುಮ್ನೆ ಪ್ರೀತಿಗೂ ಬಿಡಬಹುದು. ತಮ್ಮ ಅಣ್ಣನೊಬ್ಬನ ಹೆಸರಿಗೆ ಬಿಟ್ಟರೆ ಅಣ್ಣನಿಗೆ ಅರ್ಧ, ಅಮ್ಮನಿಗೆ ನಾಲ್ಕನೇ ಒಂದು, ಅಕ್ಕನಿಗೆ ನಾಲ್ಕನೇ ಒಂದು. ಮೂವರ ಪರವಾಗಿಯೂ ಸಮನಾಗಿ ಬಿಟ್ಟರೆ ಒಬ್ಬೊಬ್ಬರಿಗೂ ಮೂರನೇ ಒಂದು. ಯಾರ ಪರವಾಗಿ ಅಂತ ಬರೆಯದೆ "ನನ್ನ ಹಕ್ಕು ಬಿಟ್ಟಿದ್ದೇನೆ" ಅಂತಷ್ಟೇ ಇದ್ದರೆ ಮುಂದಿನ ಜಗಳಕ್ಕೆ ಬೀಜ ಬಿತ್ತಿದ ಹಾಗೆ. ಹೆಸರು ಬರೆಸಿ, ಪ್ರತಿಯೊಬ್ಬರಿಗೆ ಈಗ ಎಷ್ಟು ಪಾಲಾಯಿತು ಅನ್ನುವ ಅಂಕಿಯನ್ನೂ ಬರೆಸಿ.

ನಮ್ಮಲ್ಲಿ ಈ ಪತ್ರ ಹೆಚ್ಚಾಗಿ ಯಾರ ಸಹಿ ಕೇಳುತ್ತದೆ ಹೇಳಿ? ಅಕ್ಕ-ತಂಗಿಯರದ್ದು. ಹಬ್ಬಕ್ಕೆ ಕರೆದು, ಅರಿಶಿನ-ಕುಂಕುಮ ಕೊಟ್ಟು, ಸೀರೆ ಉಡಿಸಿ, "ಇಲ್ಲೊಂದು ಸಹಿ" ಅಂತಾರೆ. ಮನಸ್ಸಾರೆ ಬಿಡುವ ಹೆಣ್ಣುಮಗಳಿಗೆ ಬಿಡುವ ಹಕ್ಕಿದೆ. ಆದರೆ ಏನು ಬಿಡುತ್ತಿದ್ದೇನೆ, ಅದರ ಬೆಲೆ ಎಷ್ಟು ಅಂತ ಓದಿಸಿ ಹೇಳದೆ ಸಹಿ ಹಾಕಿಸುವುದು ತಪ್ಪು. ಮೋಸದಿಂದ, ಒತ್ತಾಯದಿಂದ ಮಾಡಿಸಿದ ಪತ್ರವನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಅಕ್ಕ, ನೀವು ಇದನ್ನು ಓದುತ್ತಿದ್ದರೆ, ಕರಡನ್ನು ಮನೆಗೆ ತಂದು ಒಂದು ವಾರ ಇಟ್ಟುಕೊಳ್ಳಿ. ಯಾವ ಉಪನೋಂದಣಿ ಕಚೇರಿಯೂ ಒಂದು ವಾರದಲ್ಲಿ ಓಡಿಹೋಗುವುದಿಲ್ಲ.

ಕ್ರಯಪತ್ರ: ಹೊರಗಿನವರಿಗೆ ಬೆಲೆಗೆ ಕೊಡುವುದು. ಉಳಿದ ಮೂವರ ಪಾಲು ಇದ್ದಷ್ಟೇ ಇರುತ್ತದೆ. ತಮ್ಮನ ಜಾಗದಲ್ಲಿ ಕೊಂಡವರು ಬಂದು ನಿಲ್ಲುತ್ತಾರೆ, ಅಷ್ಟೇ. ಪತ್ರದಲ್ಲಿ "ಅವಿಭಜಿತ ನಾಲ್ಕನೇ ಒಂದು ಪಾಲು" ಅಂತಲೇ ಇರಬೇಕು. ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ, ಇಡೀ ಆಸ್ತಿಯದ್ದಾಗಿರಬೇಕು. ವಿಭಾಗವಾಗದೆ "ಪೂರ್ವಕ್ಕೆ ಹದಿನೈದು ಅಡಿ" ಅಂತ ಬರೆದುಕೊಟ್ಟರೆ ಆ ಗಡಿ ಉಳಿದವರನ್ನು ಕಟ್ಟಿಹಾಕುವುದಿಲ್ಲ. ಮುಂದೆ ವಿಭಾಗದಲ್ಲಿ ಆ ತುಂಡನ್ನೇ ಕೊಡಿ ಅಂತ ಕೊಂಡವರು ಕೇಳಿಕೊಳ್ಳಬಹುದು. ಸಿಗಲೇಬೇಕು ಅಂತೇನಿಲ್ಲ.

ದಾನಪತ್ರ: ಸ್ವಂತ ಪಾಲನ್ನು ಮಗಳಿಗೋ ಹೆಂಡತಿಗೋ ಕೊಡಲು. ನೋಂದಣಿ ಆಗಬೇಕು, ಇಬ್ಬರು ಸಾಕ್ಷಿ ಬೇಕು, ಪಡೆಯುವವರು ಒಪ್ಪಿಕೊಳ್ಳಬೇಕು. ಕೊಟ್ಟ ಮೇಲೆ ಮನಸ್ಸು ಬದಲಾಯಿತು ಅಂತ ವಾಪಸ್ ತೆಗೆದುಕೊಳ್ಳುವುದು ಸುಲಭವಲ್ಲ. ಪಿತ್ರಾರ್ಜಿತದಲ್ಲಿ ಮಾತ್ರ ಇಲ್ಲೊಂದು ಬಲೆ ಇದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿರುವ ವಿಭಾಗವಾಗದ ಪಾಲನ್ನು, ಉಳಿದ ಸಹಭಾಗಿಗಳ (ಹುಟ್ಟಿನಿಂದಲೇ ಅದರಲ್ಲಿ ಹಕ್ಕಿರುವವರ) ಒಪ್ಪಿಗೆ ಇಲ್ಲದೆ ದಾನ ಮಾಡಿದರೆ ಅದು ಊರ್ಜಿತವಲ್ಲ. 1987ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ಪಾಲನ್ನು ಉಯಿಲಿನಲ್ಲಿ ಬರೆಯಲು ಮಾತ್ರ ಕಾಯ್ದೆ ಅವಕಾಶ ಕೊಟ್ಟಿದೆ. ದಾನ ಆಗದು, ಉಯಿಲು ಆಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ.

ವಿಭಾಗ ಪತ್ರ: ಎಲ್ಲರೂ ಕೂತು ಜಾಗವನ್ನೇ ಹಂಚಿಕೊಳ್ಳುವುದು. ಹಳ್ಳಿ ಕಡೆ ಪಾಲುಪಟ್ಟಿ ಅನ್ನುತ್ತಾರೆ. ಆಗುವುದಿದ್ದರೆ ನನ್ನ ಮೊದಲ ಸಲಹೆ ಇದೇ. ಮೊದಲು ವಿಭಾಗ, ಆಮೇಲೆ ಮಾರಾಟ. ತಮ್ಮನಿಗೆ ಮೇಲಿನ ಮನೆ ಬಂತು ಅಂದುಕೊಳ್ಳಿ, ಅದಕ್ಕೆ ಸ್ವಂತ ಖಾತಾ ಆಯಿತು ಅಂದುಕೊಳ್ಳಿ. ಆಗ ಕೊಳ್ಳುವವರು ಪೂರ್ತಿ ಬೆಲೆ ಕೊಡುತ್ತಾರೆ. ಬರೀ ಅವಿಭಜಿತ ಪಾಲಿಗೆ 20 ಲಕ್ಷದ ಲೆಕ್ಕ ಕಾಗದದ ಮೇಲೆ ಮಾತ್ರ. ಸ್ವಾಧೀನ ಸಿಗದ ಪಾಲಿಗೆ ಹೊರಗಿನವರು ಅಷ್ಟು ದುಡ್ಡು ಯಾಕೆ ಕೊಡ್ತಾರೆ, ಅಲ್ವಾ?

ಹೆಜ್ಜೆ 5: ಕೊಳ್ಳುವವರು ನೀವಾಗಿದ್ದರೆ ಇದನ್ನು ಓದಿ

ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 44 ಎರಡು ಮಾತು ಹೇಳುತ್ತದೆ. ಒಂದು, ಪಾಲು ಕೊಂಡವರು ಮಾರಿದವರ ಹಕ್ಕುಗಳನ್ನೂ ಹೊಣೆಗಳನ್ನೂ ಹೊತ್ತುಕೊಳ್ಳುತ್ತಾರೆ, ವಿಭಾಗ ಕೇಳಬಹುದು. ಎರಡು, ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡವರು ಆ ಕುಟುಂಬದವರಲ್ಲದಿದ್ದರೆ, ಒಳಗೆ ಬಂದು ಜೊತೆಗೆ ವಾಸ ಮಾಡುವ ಹಕ್ಕನ್ನು ಈ ಕಲಂ ಕೊಡುವುದಿಲ್ಲ.

ಅಂದರೆ ತಮ್ಮನ ಪಾಲು ಕೊಂಡವರು ಬೀಗದ ಕೈ ಹಿಡಿದು ಅಮ್ಮನ ಅಡುಗೆಮನೆಗೆ ಬರುವ ಹಾಗಿಲ್ಲ. ಬಲವಂತವಾಗಿ ಬರಲು ನೋಡಿದರೆ ಉಳಿದವರು ತಡೆಯಾಜ್ಞೆ ತರಬಹುದು. ಮುಂಬೈನ ಒಂದು ಪಾರ್ಸಿ ಕುಟುಂಬದ ಮನೆ ವಿಷಯದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ತಡೆಯಾಜ್ಞೆಯನ್ನು ಎತ್ತಿಹಿಡಿದಿತ್ತು. ಅವಿಭಕ್ತ ಕುಟುಂಬ ಅನ್ನುವ ಮಾತು ಇಲ್ಲಿ ಹಿಂದೂಗಳಿಗೆ ಮಾತ್ರ ಸೀಮಿತವಲ್ಲ ಅನ್ನುವುದೂ ಇದರಿಂದ ಗೊತ್ತಾಗುತ್ತದೆ.

ಕೊಂಡವರಿಗೆ ಉಳಿಯುವ ದಾರಿ ವಿಭಾಗದ ದಾವೆ. ಅಲ್ಲೂ ಮನೆಯವರಿಗೆ ಒಂದು ಗುರಾಣಿ ಇದೆ. ವಿಭಾಗ ಕಾಯ್ದೆ, 1893ರ ಕಲಂ 4ರ ಪ್ರಕಾರ, ಹೊರಗಿನವರು ವಾಸದ ಮನೆಯ ವಿಭಾಗಕ್ಕೆ ದಾವೆ ಹಾಕಿದರೆ, ಕುಟುಂಬದ ಪಾಲುದಾರರು "ಆ ಪಾಲನ್ನು ನಾವೇ ಕೊಳ್ಳುತ್ತೇವೆ" ಅನ್ನಬಹುದು. ಕೋರ್ಟು ಬೆಲೆ ಕಟ್ಟಿ ಅವರಿಗೇ ಕೊಡಿಸುತ್ತದೆ. ಹೀಗಾಗಿ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಕೊಂಡವರು ವರ್ಷಗಟ್ಟಲೆ ಅಲೆದು, ಕೊನೆಗೆ ದುಡ್ಡು ಮಾತ್ರ ತೆಗೆದುಕೊಂಡು ಬರಬೇಕಾಗಬಹುದು.

ಖಾಲಿ ಸೈಟು, ಅಂಗಡಿ ಮಳಿಗೆಯಲ್ಲಿ ವಾಸದ ಮನೆಯ ಈ ರಕ್ಷಣೆ ಇಲ್ಲ. ಅಲ್ಲಿ ಕೊಂಡವರು ಜಂಟಿ ಸ್ವಾಧೀನ, ಬಾಡಿಗೆಯಲ್ಲಿ ಪಾಲು ಕೇಳಬಹುದು. ಆದರೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಒಬ್ಬ ಸಹಭಾಗಿಯಿಂದ ಕೊಂಡವರಿಗೆ ಜಂಟಿ ಸ್ವಾಧೀನವೂ ಇಲ್ಲ, ವಿಭಾಗ ಕೇಳುವ ಹಕ್ಕಷ್ಟೇ.

ಈಗಾಗಲೇ ವಿಭಾಗದ ದಾವೆ ನಡೆಯುತ್ತಿದೆಯಾ? ಆ ಸಮಯದಲ್ಲಿ ಕೊಂಡರೆ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 52 ಅಡ್ಡ ಬರುತ್ತದೆ. ದಾವೆಯ ತೀರ್ಪು ಏನಾಗುತ್ತದೋ ಅದಕ್ಕೆ ನೀವೂ ಬದ್ಧ. ಇಸಿಯಲ್ಲಿ ದಾವೆ ಕಾಣದೇ ಇರಬಹುದು. ಹಾಗಾಗಿ ಇ-ಕೋರ್ಟ್ಸ್ ಜಾಲತಾಣದಲ್ಲಿ ಕುಟುಂಬದವರ ಹೆಸರು ಹಾಕಿ ಹುಡುಕಿ. ಅಕ್ಕಪಕ್ಕದವರನ್ನೂ ಕೇಳಿ. ಪಕ್ಕದ ಮನೆಯವರಿಗೆ ಗೊತ್ತಿರುವಷ್ಟು ಯಾವ ದಾಖಲೆಯಲ್ಲೂ ಇರುವುದಿಲ್ಲ.

ಹೆಜ್ಜೆ 6: ನೋಂದಣಿ

ಕಾವೇರಿ ಪೋರ್ಟಲ್‌ನಲ್ಲಿ ಕರಡು ಮತ್ತು ದಾಖಲೆ ಹಾಕಿ, ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡು ಉಪನೋಂದಣಿ ಕಚೇರಿಗೆ ಹೋಗುವುದು. ನಗರದ ಆಸ್ತಿಗೆ ಈಗ ಇ-ಖಾತಾ ಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು. ಖಾತಾ ಇನ್ನೂ ತೀರಿಕೊಂಡ ಅಪ್ಪನ ಹೆಸರಲ್ಲೇ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಿ ನಾಲ್ವರ ಹೆಸರಿಗೆ ತನ್ನಿ.

ಮುದ್ರಾಂಕ ಶುಲ್ಕದಲ್ಲಿ ದೊಡ್ಡ ವ್ಯತ್ಯಾಸ ಇದೆ. ಹೊರಗಿನವರಿಗೆ ಮಾರಿದರೆ ಪಾಲಿನ ಬೆಲೆ ಅಥವಾ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ, ಯಾವುದು ಜಾಸ್ತಿಯೋ ಅದರ ಮೇಲೆ ಶೇಕಡಾವಾರು ಶುಲ್ಕ. ಕಾಯ್ದೆ ಹೆಸರಿಸಿದ ಹತ್ತಿರದ ಸಂಬಂಧಿಕರ ನಡುವಿನ ದಾನ, ಬಿಡುಗಡೆ, ವಿಭಾಗಕ್ಕೆ ನಿಗದಿತ ಸಣ್ಣ ಮೊತ್ತ. ಕಟ್ಟುವ ಮುಂಚೆ ಪೋರ್ಟಲ್‌ನಲ್ಲಿ ಆ ದಿನದ ದರ ನೋಡಿಕೊಳ್ಳಿ. ಸಹಿಯಾದ ನಾಲ್ಕು ತಿಂಗಳೊಳಗೆ ಪತ್ರವನ್ನು ನೋಂದಣಿಗೆ ಹಾಜರುಪಡಿಸಬೇಕು. ಛಾಪಾ ಕಾಗದದ ಮೇಲೆ ಬರೆದು ಮನೆಯಲ್ಲೇ ಇಟ್ಟುಕೊಂಡ ಬಿಡುಗಡೆ ಪತ್ರದಿಂದ ಹಕ್ಕು ದಾಟುವುದಿಲ್ಲ.

ಅಣ್ಣನೋ ಅಕ್ಕನೋ ಅಮೆರಿಕದಲ್ಲಿ, ದುಬೈನಲ್ಲಿ ಇದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಧಿಕಾರ ಪತ್ರ ದೃಢೀಕರಿಸಿ ಕಳಿಸಬಹುದು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಿ. "ಸರ್ವಾಧಿಕಾರ" ಅಂತ ಬರೆಯದೆ, ಯಾವ ಆಸ್ತಿ, ಯಾವ ಪತ್ರ, ಯಾರ ಪರವಾಗಿ ಅನ್ನುವುದಕ್ಕಷ್ಟೇ ಸೀಮಿತ ಮಾಡಿ.

ನಾಲ್ವರೂ ಸೇರಿ ಇಡೀ ಮನೆಯನ್ನು 80 ಲಕ್ಷಕ್ಕೆ ಮಾರಿದರೆ ಒಂದು ತೆರಿಗೆ ವಿಷಯ. ಒಬ್ಬೊಬ್ಬರಿಗೆ 20 ಲಕ್ಷವೇ ಬಂದರೂ, ಒಟ್ಟು ಬೆಲೆ 50 ಲಕ್ಷ ದಾಟಿರುವುದರಿಂದ ಕೊಳ್ಳುವವರು 1% ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಕಡಿಯುವ ಆದಾಯ ತೆರಿಗೆ, ಹಿಡಿಯಬೇಕು. 2024ರ ಅಕ್ಟೋಬರ್ 1ರಿಂದ ಈ ಲೆಕ್ಕ. ಮಾರುವವರು ಅನಿವಾಸಿಯಾದರೆ ಟಿಡಿಎಸ್ ನಿಯಮವೇ ಬೇರೆ, ದರವೂ ಜಾಸ್ತಿ. ಲೆಕ್ಕಪರಿಶೋಧಕರನ್ನು ಕೇಳದೆ ಮುಂದುವರಿಯಬೇಡಿ.

ಹೆಜ್ಜೆ 7: ಖಾತಾ, ಪಹಣಿ ಬದಲಾವಣೆ

ನೋಂದಣಿ ಆಯಿತು ಅಂತ ಸುಮ್ಮನಾಗಬೇಡಿ. ಖಾತಾದಲ್ಲಿ ಹೊಸ ಹೆಸರು, ಹೊಸ ಪಾಲು ಬಂದಿದೆಯಾ ನೋಡಿ. ಜಮೀನಾದರೆ ಮಾಹಿತಿ ಭೂಮಿ ತಂತ್ರಾಂಶಕ್ಕೆ ಹೋಗಿ ಮ್ಯುಟೇಶನ್ ಶುರುವಾಗುತ್ತದೆ. ನೋಟಿಸ್ ಅವಧಿ ಮುಗಿದ ಮೇಲೆ ಪಹಣಿ ತೆಗೆದು ನೋಡಿ. ಇಷ್ಟಾದರೂ ಖಾತಾ, ಪಹಣಿ ಎರಡೂ ಕಂದಾಯದ ದಾಖಲೆಗಳು. ಅವು ಹಕ್ಕು ಹುಟ್ಟಿಸುವುದಿಲ್ಲ. ಅಣ್ಣನ ಹೆಸರು ಮಾತ್ರ ಪಹಣಿಯಲ್ಲಿದೆ ಅಂದ ಮಾತ್ರಕ್ಕೆ ಅಕ್ಕನ ಪಾಲು ಮಾಯವಾಗಿಲ್ಲ.

ಜಮೀನು, ಫ್ಲ್ಯಾಟು, ಚಿಕ್ಕ ಮಕ್ಕಳ ಪಾಲು

ಒಂದೇ ಸರ್ವೆ ನಂಬರಿನ ಒಂದು ಭಾಗವನ್ನು ಮಾರಲು, ಹಂಚಿಕೊಳ್ಳಲು 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ, ಬೇಕು. ಅಳತೆಗೆ ಮೊದಲೇ ಅರ್ಜಿ ಹಾಕಿಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯವಾಗುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಅದರಲ್ಲಿ ಒಂದು ಪಾಲನ್ನು ಮಾರಿದರೂ ಆ ಮಾರಾಟ ನಿಲ್ಲುವುದಿಲ್ಲ.

ಫ್ಲ್ಯಾಟಿನ ಜೊತೆ ನೆಲದಲ್ಲಿ ಬರುವ ಅವಿಭಜಿತ ಪಾಲು ಬೇರೆ ಸಂಗತಿ. ಅದು ಫ್ಲ್ಯಾಟಿಗೆ ಅಂಟಿಕೊಂಡೇ ಇರುತ್ತದೆ, ಅದನ್ನು ಬಿಡಿಸಿ ಮಾರಲಾಗದು.

ಪಾಲುದಾರರಲ್ಲಿ ಹದಿನೆಂಟು ತುಂಬದ ಮಗು ಇದ್ದರೆ, ಮಗುವಿಗೆ ಪ್ರತ್ಯೇಕವಾಗಿ ಬಂದ ಪಾಲನ್ನು ತಾಯಿ-ತಂದೆ ಕೋರ್ಟಿನ ಅನುಮತಿ ಇಲ್ಲದೆ ಮಾರಬಾರದು. ಮಾರಿದರೆ, ಮಗು ಪ್ರಾಯಕ್ಕೆ ಬಂದ ಮೂರು ವರ್ಷದೊಳಗೆ ಆ ಮಾರಾಟವನ್ನು ರದ್ದು ಮಾಡಿಸಬಹುದು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿರುವ ಮಗುವಿನ ಪಾಲಿಗೆ ನಿಯಮ ಬೇರೆ. ಅಲ್ಲಿ ಕುಟುಂಬದ ಯಜಮಾನ ನಿಜವಾದ ಅಗತ್ಯಕ್ಕೆ ಮಾರಿದ್ದಾನಾ ಅನ್ನುವ ಪ್ರಶ್ನೆ ಏಳುತ್ತದೆ.

ಎಲ್ಲ ಮುಗಿದ ಮೇಲೂ ಉಳಿಯುವ ಲೆಕ್ಕ

ತುಮಕೂರಿನ ಮನೆಗೆ ವಾಪಸ್ ಬರೋಣ. ಮಾತುಕತೆ ಆಯಿತು. ಅಣ್ಣ 20 ಲಕ್ಷ ಕೊಟ್ಟ. ತಮ್ಮ ಅಣ್ಣನ ಪರವಾಗಿ ಬಿಡುಗಡೆ ಪತ್ರ ನೋಂದಾಯಿಸಿಕೊಟ್ಟ. ಅಣ್ಣನಿಗೆ ಅರ್ಧ, ಅಮ್ಮನಿಗೂ ಅಕ್ಕನಿಗೂ ನಾಲ್ಕನೇ ಒಂದೊಂದು. "ಇನ್ನು ತಮ್ಮನಿಗೂ ಈ ಮನೆಗೂ ಸಂಬಂಧ ಇಲ್ಲ" ಅಂತ ಎಲ್ಲರೂ ಅಂದುಕೊಂಡರು.

ಹತ್ತು ವರ್ಷದ ನಂತರ ಅಮ್ಮ ಉಯಿಲು ಬರೆಯದೆ ತೀರಿಕೊಂಡರೆ? ಅಮ್ಮನ ನಾಲ್ಕನೇ ಒಂದು ಮೂವರು ಮಕ್ಕಳಿಗೂ ಸಮನಾಗಿ ಬರುತ್ತದೆ. ತಮ್ಮನಿಗೂ ಹನ್ನೆರಡನೇ ಒಂದು ಪಾಲು. ಅವನು ಬಿಟ್ಟದ್ದು ಅಪ್ಪನಿಂದ ಬಂದ ಪಾಲನ್ನು. ಅಮ್ಮನಿಂದ ಮುಂದೆ ಬರಬಹುದಾದದ್ದು ಆಗಿನ್ನೂ ಅವನ ಕೈಯಲ್ಲಿ ಇರಲೇ ಇಲ್ಲ. ಬರೀ ನಿರೀಕ್ಷೆಯನ್ನು ವರ್ಗಾಯಿಸಲು ಆಸ್ತಿ ವರ್ಗಾವಣೆ ಕಾಯ್ದೆ ಬಿಡುವುದಿಲ್ಲ. "ಮುಂದೆ ಬರುವ ಹಕ್ಕನ್ನೂ ಬಿಟ್ಟಿದ್ದೇನೆ" ಅಂತ ಬಿಡುಗಡೆ ಪತ್ರದಲ್ಲಿ ಒಂದು ಸಾಲು ಸೇರಿಸಿದರೆ ಸಾಕು ಅಂತ ನಂಬಿ ಕೂರಬೇಡಿ.

ಅಣ್ಣ ಮುಂದೆ ಮನೆ ಮಾರಲು ಹೋದಾಗ ಕೊಳ್ಳುವವರ ವಕೀಲರು ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತದೆ: "ತಾಯಿಯ ಪಾಲು ಏನಾಯಿತು? ತಮ್ಮನ ಸಹಿ ಎಲ್ಲಿ?" ಹಾಗಾಗಿ ತಮ್ಮನ ಪತ್ರ ನೋಂದಾಯಿಸುವ ದಿನಗಳಲ್ಲೇ ಅಮ್ಮನ ಹತ್ತಿರ ಕೂತು ಮಾತಾಡಿ. ತನ್ನ ಪಾಲು ಯಾರಿಗೆ ಹೋಗಬೇಕು ಅಂತ ಅವರೇ ಹೇಳಲಿ, ಅವರ ಮನಸ್ಸಿಗೆ ಬಂದ ಹಾಗೆ. ಮೂವರಿಗೂ ಸಮನಾಗಿ ಅಂದರೂ ಸರಿ, ಅಕ್ಕನಿಗೆ ಮಾತ್ರ ಅಂದರೂ ಸರಿ. ಉಯಿಲಿಗೆ ಇಬ್ಬರು ಸಾಕ್ಷಿ ಬೇಕು, ನೋಂದಣಿ ಕಡ್ಡಾಯವಲ್ಲ. ಆದರೂ ಅದೇ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿಟ್ಟರೆ ಮೂಲ ಕಳೆದರೂ ಪ್ರತಿ ಸಿಗುತ್ತದೆ. ಸಾಕ್ಷಿಗಳಾಗಿ ಅಮ್ಮನಿಗಿಂತ ವಯಸ್ಸಿನಲ್ಲಿ ಚಿಕ್ಕವರನ್ನು, ಆಸ್ತಿಯಲ್ಲಿ ಏನೂ ಪಡೆಯದವರನ್ನು ಕರೆದುಕೊಂಡು ಹೋಗಿ.